ಎರಡು ಲೈನ್, ಎರಡು ಸರ್ವರ್. ಆದರೂ ಕೌಂಟರ್ ಬಂದ್ ಏಕೆ?

ಕೇಬಲ್ ತುಂಡಾಗಿ ಆನ್‌ಲೈನ್ ಸೇವೆ ನಿಂತಿತು ಎಂಬ ಸುದ್ದಿ ತಲಪಾಡಿಯಿಂದ ಚೆಂಗಳದವರೆಗಿನವರಿಗೆ ಹೊಸತೇನಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಈ 39 ಕಿ.ಮೀ. ಭಾಗವನ್ನು ಆರು ಪಥಕ್ಕೆ ಅಗಲಿಸುವ ಕೆಲಸ ಶುರುವಾದ ಮೇಲೆ ಜೆಸಿಬಿ ಕೈ ಹಾಕಿದಲ್ಲೆಲ್ಲ ಯಾವುದಾದರೊಂದು ಕೇಬಲ್ ಸಿಗುವ ಅಪಾಯ ಇದ್ದೇ ಇತ್ತು. ಓದುಗರು ಗೊಂದಲಕ್ಕೆ ಬೀಳುವುದು ಸುದ್ದಿಯ ಕೊನೆಗೆ ಬರುವ ಸ್ಪಷ್ಟನೆಯಲ್ಲಿ. ಎರಡು ಸರ್ವರ್ ಇವೆಯಂತೆ, ಎರಡು ಕಂಪನಿಗಳ ಲೈನ್ ಇದೆಯಂತೆ, ಒಂದು ಕೈಕೊಟ್ಟರೆ ಇನ್ನೊಂದು ತಾನಾಗಿಯೇ ವಹಿಸಿಕೊಳ್ಳುವ ಫೇಲ್‌ಓವರ್ ವ್ಯವಸ್ಥೆಯೂ ಇದೆಯಂತೆ. ಇಷ್ಟೆಲ್ಲ ಇದ್ದೂ ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ‘ಸರ್ವರ್ ಡೌನ್’ ಚೀಟಿ ಏಕೆ?

ಸುಳ್ಳು ಹೇಳುತ್ತಿದ್ದಾರೆ ಎಂದು ಜನ ಅಂದುಕೊಳ್ಳುವುದು ಸಹಜ. ಹೆಚ್ಚಿನ ಸಲ ಸುಳ್ಳಿರುವುದಿಲ್ಲ, ಲೆಕ್ಕ ತಪ್ಪಿರುತ್ತದೆ. ಎಷ್ಟು ಲೈನ್ ಇವೆ ಎಂದು ಎಣಿಸಿದ್ದಾರೆ; ಅವು ಯಾವ ದಾರಿಯಲ್ಲಿ ಬರುತ್ತವೆ, ತುಂಡಾದದ್ದು ಸರ್ವರಿಗೆ ಹೇಗೆ ಗೊತ್ತಾಗುತ್ತದೆ ಎಂದು ನೋಡಿಲ್ಲ. ಇನ್ನೂ ವಿಚಿತ್ರವೆಂದರೆ, ಕೆಲವು ಸಂದರ್ಭಗಳಲ್ಲಿ ಚೆನ್ನಾಗಿರುವ ಸರ್ವರ್ ತಾನಾಗಿ ನಿಂತುಬಿಡುವುದೇ ಸರಿ.

ಎರಡು ಬಿಲ್ಲು, ಒಂದೇ ಸೇತುವೆ

ಕಾಸರಗೋಡಿನ ಕರಾವಳಿ ಕಡಲಿಗೂ ಗುಡ್ಡಕ್ಕೂ ನಡುವಿನ ಸಪೂರ ಪಟ್ಟಿ. ಹೆದ್ದಾರಿ, ರೈಲು, ಕರೆಂಟು ಲೈನು, ನೀರಿನ ಪೈಪು, ಫೈಬರ್ ಎಲ್ಲವೂ ಇದರೊಳಗೇ ಉತ್ತರ ದಕ್ಷಿಣವಾಗಿ ಸಾಗಬೇಕು. ಅಡ್ಡಕ್ಕೆ ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳು. ಹೊಳೆ ದಾಟಲು ಕೇಬಲಿಗೂ ಸೇತುವೆಯೇ ಗತಿ. ಬೇರೆ ಬೇರೆ ಕಂಪನಿಗಳ ಎರಡು ಫೈಬರ್‌ಗಳು ಒಂದೇ ಸೇತುವೆಯ ಬದಿಯಲ್ಲಿ ಅಕ್ಕಪಕ್ಕದ ಪೈಪುಗಳಲ್ಲಿ ಮಲಗಿರಬಹುದು. ಎರಡನೆಯ ಕಂಪನಿ ಮೊದಲನೆಯವರಿಂದಲೇ ಫೈಬರ್ ಬಾಡಿಗೆಗೆ ಪಡೆದಿರುವುದೂ ಉಂಟು. ತಿಂಗಳಿಗೆ ಬಿಲ್ಲು ಎರಡು ಬರುತ್ತದೆ, ಜೆಸಿಬಿಗೆ ಒಂದೇ ಏಟು ಸಾಕಾಗುತ್ತದೆ.

ನೆಲದಡಿ ಬೇಡ, ಕಂಬದ ಮೇಲೆ ಹೋಗೋಣ ಎಂದರೆ ಅಲ್ಲಿ ಮಳೆಗಾಲ ಕಾದಿರುತ್ತದೆ. 2023ರ ಜೂನ್ 5ರಂದು ಉದ್ಘಾಟನೆಯಾದ ಕೇರಳ ಸರಕಾರದ ಕೆ-ಫೋನ್ ಫೈಬರ್ ಜಾಲದ ಬಹುಭಾಗ ಕೆಎಸ್‌ಇಬಿಯ ಕರೆಂಟು ಕಂಬಗಳನ್ನೇ ನಂಬಿದೆ. ಖಾಸಗಿ ಕೇಬಲಿನವರೂ ಕಂಬ ಬಿಟ್ಟವರಲ್ಲ. ಜೂನ್ ಗಾಳಿಗೆ ಒಂದು ಮರ ಬಿದ್ದರೆ ಕರೆಂಟೂ ಲೈನೂ ಒಟ್ಟಿಗೇ ಹೋಗುತ್ತವೆ. ಇನ್ನು ‘ಹೆಚ್ಚುವರಿಗೆ 4ಜಿ ರೂಟರ್ ಇದೆ’ ಎನ್ನುವವರು ಟವರಿನ ಬುಡ ನೋಡಬೇಕು. ಫೋನಿನಿಂದ ಟವರಿಗೆ ಗಾಳಿಯಲ್ಲಿ ಹೋಗುವ ಸಿಗ್ನಲ್, ಟವರಿನಿಂದ ಮುಂದಕ್ಕೆ ಹೆಚ್ಚಾಗಿ ಫೈಬರಿನಲ್ಲೇ ಸಾಗುತ್ತದೆ. ಆ ಫೈಬರ್ ಅದೇ ಹೆದ್ದಾರಿಯ ಬದಿಯದ್ದಾದರೆ ಎರಡನೇ ದಾರಿ ಬರೀ ಹೆಸರಿಗೆ.

ನಿಜವಾದ ಎರಡನೇ ದಾರಿ ಎಂದರೆ ಭೂಪಟದಲ್ಲೂ ಬೇರೆಯಾಗಿರಬೇಕು. ಒಂದು ಲೈನ್ ಹೆದ್ದಾರಿಯಲ್ಲಿ ಮಂಗಳೂರಿಗೆ ಹೋದರೆ ಇನ್ನೊಂದು ಚೆರ್ಕಳ, ಬದಿಯಡ್ಕ, ಪೆರ್ಲ ದಾಟಿ ಕಲ್ಲಡ್ಕದ ಕಡೆಗೆ ಒಳನಾಡಿನಲ್ಲಿ ಹೋಗಬೇಕು, ಇಲ್ಲವೇ ದಕ್ಷಿಣಕ್ಕೆ ಕಣ್ಣೂರಿನತ್ತ ತಿರುಗಬೇಕು. ಲೈನ್ ಕೊಡುವವರಿಂದ ರೂಟ್ ಮ್ಯಾಪ್ ಕೇಳಿ ಪಡೆದು, ದಾರಿ ಬದಲಾದರೆ ತಿಳಿಸಬೇಕೆಂದು ಕರಾರಿನಲ್ಲೇ ಬರೆಸಿಕೊಳ್ಳುವುದು ಎರಡನೇ ಬಿಲ್ಲು ಕಟ್ಟುವುದಕ್ಕಿಂತ ಮುಖ್ಯ.

ದೀಪ ಉರಿಯುತ್ತದೆ, ದಾರಿ ಇಲ್ಲ

ದಾರಿಗಳು ನಿಜಕ್ಕೂ ಬೇರೆಯಾಗಿದ್ದರೂ ಒಂದು ತುಂಡಾದದ್ದು ಯಂತ್ರಕ್ಕೆ ತಿಳಿಯಬೇಕಲ್ಲ? ಸರ್ವರಿನ ಎರಡು ನೆಟ್‌ವರ್ಕ್ ಪೋರ್ಟುಗಳನ್ನು ಸೇರಿಸಿ ಒಂದೇ ಎಂಬಂತೆ ಬಳಸುವುದನ್ನು ಬಾಂಡಿಂಗ್ ಎನ್ನುತ್ತಾರೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಪೋರ್ಟಿನ ಲಿಂಕ್ ಇದೆಯೇ ಎಂದು 100 ಮಿಲಿಸೆಕೆಂಡಿಗೊಮ್ಮೆ ನೋಡುವಂತೆ ಹೊಂದಿಸುತ್ತಾರೆ. ಈ ತಪಾಸಣೆ ಹೇಳುವುದು ಇಷ್ಟೇ: ಕೇಬಲ್‌ಗಳನ್ನು ಜೋಡಿಸುವ ಪಕ್ಕದ ನೆಟ್‌ವರ್ಕ್ ಸ್ವಿಚ್‌ವರೆಗಿನ ಎರಡು ಮೀಟರ್ ತಂತಿ ಸರಿಯಾಗಿದೆ. ಸ್ವಿಚ್ಚಿನಿಂದಾಚೆ ಎಲ್ಲವೂ ಸತ್ತಿದ್ದರೂ ಪೋರ್ಟಿನ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಬಾಂಡ್ ಆ ಪೋರ್ಟನ್ನೇ ಹಿಡಿದುಕೊಂಡಿರುತ್ತದೆ.

ನಮ್ಮ ಕಡೆಯ ಸಣ್ಣ ಕಚೇರಿಗಳಲ್ಲಿ ಇದಕ್ಕೆ ಇನ್ನೊಂದು ರೂಪವಿದೆ. ಹೊರಗಿನಿಂದ ಬಂದ ಫೈಬರ್ ಗೋಡೆಯ ಮೇಲಿನ ಪುಟ್ಟ ಕನ್ವರ್ಟರ್ ಪೆಟ್ಟಿಗೆಗೆ ಸೇರುತ್ತದೆ, ಅಲ್ಲಿಂದ ತಾಮ್ರದ ಕೇಬಲ್ ರೂಟರಿಗೆ. ಕುಂಬಳೆಯಲ್ಲಿ ಫೈಬರ್ ತುಂಡಾದರೆ ಪೆಟ್ಟಿಗೆಯ ಫೈಬರ್ ಕಡೆಯ ದೀಪ ಮಾತ್ರ ಆರುತ್ತದೆ. ಒಂದು ಕಡೆಯ ಲಿಂಕ್ ಹೋದರೆ ಇನ್ನೊಂದನ್ನೂ ಆರಿಸುವ ಸೌಲಭ್ಯ ಆ ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ರೂಟರಿನ ಮಟ್ಟಿಗೆ ಎಲ್ಲವೂ ಕ್ಷೇಮ. ಅದು ಎರಡನೇ ಲೈನಿನತ್ತ ತಿರುಗಿಯೂ ನೋಡುವುದಿಲ್ಲ.

ಇದಕ್ಕೆ ಮದ್ದು, ದೀಪ ನೋಡುವ ಬದಲು ದೂರದ ವಿಳಾಸವನ್ನು ಕೂಗಿ ಕರೆಯುವುದು. ಬಾಂಡಿಂಗಿನಲ್ಲಿ ಎಆರ್‌ಪಿ ತಪಾಸಣೆ ತನ್ನ ಜಾಲದೊಳಗಿನ ವಿಳಾಸಗಳ ಮಟ್ಟಿಗೆ ಈ ಕೆಲಸ ಮಾಡುತ್ತದೆ. ಒಂದು ಪೋರ್ಟ್ ಕೆಲಸಕ್ಕೆ, ಇನ್ನೊಂದು ಕಾಯ್ದಿರುವ ಆಕ್ಟಿವ್-ಬ್ಯಾಕಪ್ ವಿಧಾನಕ್ಕೆ ಇದು ಹೊಂದುತ್ತದೆ, ಎರಡೂ ಪೋರ್ಟುಗಳನ್ನು ಒಟ್ಟಿಗೇ ದುಡಿಸುವ ಎಲ್‌ಎಸಿಪಿ ಬಾಂಡಿಗೆ ಹೊಂದುವುದಿಲ್ಲ. ರೂಟರಿನಲ್ಲಾದರೆ ಕಂಪನಿಯ ಗೇಟ್‌ವೇಯನ್ನು ಮಾತ್ರವಲ್ಲ, ಅದರಾಚೆಯ ಕನಿಷ್ಠ ಎರಡು ವಿಳಾಸಗಳನ್ನು ಪಿಂಗ್ ಮಾಡಬೇಕು, ಅಂದರೆ ಕರೆದು ಉತ್ತರ ಬರುತ್ತದೆಯೇ ನೋಡಬೇಕು.

ಕ್ಲಸ್ಟರಿಗೆ ಬಾಗಿಲು ಕಾಣುವುದಿಲ್ಲ

ಈಗ ಎರಡೂ ಲೈನ್ ಹೋದಾಗ ಏನಾಗುತ್ತದೆ ಎಂಬ ಪ್ರಶ್ನೆ. ಒಂದೇ ಸೇವೆಗೆಂದು ಜೋಡಿಸಿದ ಸರ್ವರ್‌ಗಳ ಗುಂಪೇ ಕ್ಲಸ್ಟರ್. ಅದರ ಸರ್ವರ್‌ಗಳು ‘ನಾನಿದ್ದೇನೆ’ ಎಂದು ಸೆಕೆಂಡಿಗೊಮ್ಮೆಯೋ ಅದಕ್ಕಿಂತ ಬೇಗವೋ ಪರಸ್ಪರ ಹೇಳಿಕೊಳ್ಳುತ್ತವೆ; ಇದೇ ಹಾರ್ಟ್‌ಬೀಟ್. ಒಂದೇ ಕೋಣೆಯಲ್ಲಿರುವ ಸರ್ವರ್‌ಗಳ ನಡುವೆ ಇದಕ್ಕೆಂದೇ ನೇರ ಕೇಬಲ್ ಹಾಕುವುದು ರೂಢಿ.

ಮೊದಲನೇ ಸರ್ವರಿನ ಗ್ರಾಹಕರ ಕಡೆಯ ಎರಡೂ ಪೋರ್ಟುಗಳು ಕೆಟ್ಟವು ಎನ್ನೋಣ. ಶಾಖೆಗಳಿಗೆ ಅದು ಸಿಗುತ್ತಿಲ್ಲ. ಆದರೆ ನೇರ ಕೇಬಲಿನಲ್ಲಿ ಹಾರ್ಟ್‌ಬೀಟ್ ಸರಾಗವಾಗಿದೆ, ಡೇಟಾಬೇಸ್ ಓಡುತ್ತಿದೆ. ಕ್ಲಸ್ಟರಿನ ಕಣ್ಣಿಗೆ ಇಬ್ಬರೂ ಆರೋಗ್ಯವಂತರು. ಆದ್ದರಿಂದ ಫೇಲ್‌ಓವರ್ ಆಗುವುದೇ ಇಲ್ಲ. ಅಂಗಡಿಯೊಳಗೆ ದೀಪ, ಫ್ಯಾನು, ಗುಮಾಸ್ತ ಎಲ್ಲ ಇದ್ದು ಶಟರ್ ಮಾತ್ರ ಇಳಿದಿರುವ ಸ್ಥಿತಿ.

ತಂತ್ರಾಂಶ ಮಾರುವವರು ‘ಹೈ ಅವೈಲಬಿಲಿಟಿ’ ಎನ್ನುವಾಗ ಈ ಸಂದರ್ಭ ಅದರಲ್ಲಿ ಸೇರಿದೆಯೇ ಎಂದು ಬಿಡಿಸಿ ಕೇಳಬೇಕು. ವಿಎಂವೇರ್‌ನ ಎಚ್‌ಎ ಮುಖ್ಯವಾಗಿ ನೋಡುವುದು ಹೋಸ್ಟ್‌ಗಳ, ಅಂದರೆ ವರ್ಚುವಲ್ ಯಂತ್ರಗಳನ್ನು ಹೊತ್ತಿರುವ ನಿಜವಾದ ಸರ್ವರ್‌ಗಳ, ನಡುವಿನ ಆಡಳಿತ ಜಾಲವನ್ನು. ವರ್ಚುವಲ್ ಯಂತ್ರಗಳ ಜಾಲದ ಕೇಬಲ್‌ಗಳು ಮಾತ್ರ ಹೋದರೆ ಅದು ಆ ಯಂತ್ರಗಳನ್ನು ಬೇರೆಡೆಗೆ ಎಬ್ಬಿಸುವುದಿಲ್ಲ. ಮೈಕ್ರೋಸಾಫ್ಟಿನ ಹೈಪರ್-ವಿಯಲ್ಲಿ ವಿಂಡೋಸ್ ಸರ್ವರ್ 2012 ಆರ್2ರಿಂದ ‘ಪ್ರೊಟೆಕ್ಟೆಡ್ ನೆಟ್‌ವರ್ಕ್’ ಎಂಬ ಆಯ್ಕೆ ಬಂದಿದೆ. ಹೋಸ್ಟಿನ ಆ ಜಾಲ ಕಡಿದರೆ ಯಂತ್ರ ಇನ್ನೊಂದು ಹೋಸ್ಟಿಗೆ ಸಾಗುತ್ತದೆ.

ಸೇವೆ ಯಾವ ಸರ್ವರಿನಲ್ಲಿ ನಡೆಯಬೇಕೆಂದು ತೀರ್ಮಾನಿಸುವ ಲಿನಕ್ಸಿನ ತಂತ್ರಾಂಶ ಪೇಸ್‌ಮೇಕರ್. ಅದರ ಕ್ಲಸ್ಟರಿಗೆ ಪಿಂಗ್ ತಪಾಸಣೆಯನ್ನು ನಾವೇ ಸೇರಿಸಬೇಕು. ಪ್ರತಿ ಸರ್ವರೂ ಕೆಲವು ವಿಳಾಸಗಳನ್ನು ಪಿಂಗ್ ಮಾಡಿ, ಉತ್ತರ ಬಂದಷ್ಟಕ್ಕೆ ಅಂಕ ಪಡೆಯುತ್ತದೆ. ಇಲ್ಲೊಂದು ಹಳೆಯ ಗುಂಡಿಯಿದೆ, ಹೊಸಬರು ತಪ್ಪದೆ ಬೀಳುತ್ತಾರೆ: ‘ಅಂಕ ಸೊನ್ನೆಯಾದರೆ ಇಲ್ಲಿ ಸೇವೆ ನಡೆಸಲೇಬಾರದು’ ಎಂಬ ನಿಯಮ. ಪಿಂಗ್ ಮಾಡುವುದು ಗೇಟ್‌ವೇ ಒಂದನ್ನೇ ಆಗಿದ್ದು, ಆ ಗೇಟ್‌ವೇಯನ್ನು ಯಾರೋ ರೀಸ್ಟಾರ್ಟ್ ಮಾಡಿದರೆ ಎರಡೂ ಸರ್ವರಿಗೆ ಸೊನ್ನೆ ಬಂದು ಎರಡೂ ಕಡೆ ಸೇವೆ ನಿಲ್ಲುತ್ತದೆ. ‘ಹೆಚ್ಚು ಅಂಕ ಇರುವ ಕಡೆ ನಡೆಸು’ ಎಂದು ಬರೆದರೆ ಈ ಕಾಟವಿಲ್ಲ. ಇಬ್ಬರಿಗೂ ಸೊನ್ನೆಯಾದರೆ ಸೇವೆ ಇದ್ದಲ್ಲೇ ಇರುತ್ತದೆ. ಇಬ್ಬರಿಗೂ ಸುದ್ದಿ ಒಂದೇ ಕ್ಷಣದಲ್ಲಿ ತಲುಪುವುದಿಲ್ಲವಾದ್ದರಿಂದ ತೀರ್ಮಾನಕ್ಕೆ ಮೊದಲು ಕೆಲವು ಸೆಕೆಂಡು ತಡೆಯುವ ‘ಡ್ಯಾಂಪನ್’ ಅವಧಿಯನ್ನೂ ಇಡಬೇಕು.

ಮಾತು ಕಡಿದಾಗ

ಇದಕ್ಕೆ ವಿರುದ್ಧವಾದದ್ದು ಹೆಚ್ಚು ಅಪಾಯಕಾರಿ: ಸರ್ವರ್ ಎರಡೂ ಚೆನ್ನಾಗಿವೆ, ಅವುಗಳ ನಡುವಿನ ಎಲ್ಲ ಹಾರ್ಟ್‌ಬೀಟ್ ದಾರಿಗಳೂ ಕಡಿದಿವೆ. ಎದುರಿನವನು ಸತ್ತಿದ್ದಾನೋ, ಮಾತು ಮಾತ್ರ ಕೇಳಿಸುತ್ತಿಲ್ಲವೋ ಎಂದು ತಿಳಿಯುವ ಉಪಾಯ ಯಾವ ಯಂತ್ರಕ್ಕೂ ಇಲ್ಲ. ಎರಡಕ್ಕೂ ಸಿಗುವುದು ಒಂದೇ ಮೌನ.

ಒಂದು ಸಹಕಾರಿ ಸಂಘವನ್ನು ಊಹಿಸಿಕೊಳ್ಳಿ. ಒಂದು ಸರ್ವರ್ ಬದಿಯಡ್ಕದಲ್ಲಿ, ಇನ್ನೊಂದು ಕಾಸರಗೋಡಿನಲ್ಲಿ. ಸದಸ್ಯರೊಬ್ಬರ ಖಾತೆಯಲ್ಲಿ 40,000 ರೂಪಾಯಿ. ನಡುವಿನ ಲೈನ್ ಕಡಿಯಿತು, ಇಬ್ಬರೂ ‘ಅವನು ಸತ್ತ, ಇನ್ನು ನಾನೇ ಯಜಮಾನ’ ಎಂದುಕೊಂಡರು. ಗಂಡ ಬದಿಯಡ್ಕದಲ್ಲಿ ಅಡಿಕೆ ತೋಟದ ಕೂಲಿಗೆಂದು 30,000 ತೆಗೆದರು. ಜಂಟಿ ಖಾತೆಯಾದ್ದರಿಂದ ಹೆಂಡತಿ ಕಾಸರಗೋಡಿನಲ್ಲಿ ಆಸ್ಪತ್ರೆ ಖರ್ಚಿಗೆ 25,000 ತೆಗೆದರು. ಎರಡು ಸರ್ವರೂ ನಿಯಮ ಮುರಿದಿಲ್ಲ. ಲೈನ್ ಬಂದ ಮೇಲೆ ಒಂದು ಪುಸ್ತಕದಲ್ಲಿ ಉಳಿಕೆ 10,000, ಇನ್ನೊಂದರಲ್ಲಿ 15,000. ನಿಜವಾದ ಲೆಕ್ಕ 15,000 ಸಾಲ. ಒಂದು ಸರ್ವರಿನ ಡಿಸ್ಕನ್ನು ಇನ್ನೊಂದಕ್ಕೆ ನಕಲಿಸುತ್ತಿರುವ ಡಿಆರ್‌ಬಿಡಿಯಂಥ ತಂತ್ರಾಂಶಕ್ಕೆ ಇವೆರಡನ್ನು ಕೂಡಿಸಲು ಬರುವುದಿಲ್ಲ. ಒಂದನ್ನು ಇಟ್ಟು ಇನ್ನೊಂದನ್ನು ಎಸೆ ಎನ್ನುತ್ತದೆ. ಎಸೆದ ಕಡೆಯ ಆ ದಿನದ ಎಲ್ಲ ವ್ಯವಹಾರವನ್ನು ಚಲನ್ ನೋಡಿ ಕೈಯಲ್ಲಿ ಏರಿಸಬೇಕು. ಒಂದು ಖಾತೆಯಾದರೆ ಸರಿ, ಮುನ್ನೂರಾದರೆ?

ಇದೇ ‘ಸ್ಪ್ಲಿಟ್ ಬ್ರೈನ್’. ಅರ್ಧ ದಿನ ಕೌಂಟರ್ ಮುಚ್ಚಿದರೆ ಜನ ಬೈಯುತ್ತಾರೆ, ಮರುದಿನ ಮರೆಯುತ್ತಾರೆ. ಕೆಟ್ಟ ಲೆಕ್ಕ ಆಡಿಟ್‌ವರೆಗೂ ಬೆನ್ನು ಬಿಡುವುದಿಲ್ಲ. ನಿಂತುಬಿಡುವುದೇ ಸರಿ ಎಂದು ಮೊದಲು ಹೇಳಿದ್ದು ಇದಕ್ಕೇ.

ಕೋರಂ ಮತ್ತು ಬೇಲಿ

ಸಹಕಾರಿ ಸಂಘದ ಮಹಾಸಭೆ ಕಂಡವರಿಗೆ ಮೊದಲ ಪರಿಹಾರ ಹೊಸದಲ್ಲ: ಕೋರಂ. ಅರ್ಧಕ್ಕಿಂತ ಹೆಚ್ಚು ಮತ ಇರುವ ಗುಂಪಷ್ಟೇ ಕೆಲಸ ಮುಂದುವರಿಸಬೇಕು, ಉಳಿದವರು ನಿಲ್ಲಬೇಕು. ಮೂರರಲ್ಲಿ ಎರಡು, ಐದರಲ್ಲಿ ಮೂರು. ಪೇಸ್‌ಮೇಕರ್‌ನಲ್ಲಿ ಕೋರಂ ಇಲ್ಲದ ಕಡೆ ಸೇವೆ ನಿಲ್ಲಿಸುವುದೇ ಮೂಲ ನಿಯಮ. ತೊಡಕಿರುವುದು ಎರಡೇ ಸರ್ವರ್ ಇರುವಲ್ಲಿ. ಎರಡರ ಬಹುಮತವೂ ಎರಡೇ. ಒಂದು ಹೋದರೆ ಕೋರಂ ಮುಗಿಯಿತು. ಹಾಗಾಗಿ ಎರಡು ಸರ್ವರಿನ ಕ್ಲಸ್ಟರಿಗೆ ವಿಶೇಷ ವಿನಾಯಿತಿ ಇದೆ: ಒಬ್ಬನೇ ಉಳಿದರೂ ನಡೆಸಬಹುದು. ಈ ವಿನಾಯಿತಿ ತೆಗೆದುಕೊಂಡವರು ಫೆನ್ಸಿಂಗ್ ಇಲ್ಲದೆ ಒಂದು ದಿನವೂ ನಡೆಸಬಾರದು.

ಫೆನ್ಸಿಂಗ್ ಎಂದರೆ ಬೇಲಿ ಹಾಕುವುದು, ಅಂದರೆ ಎದುರಿನ ಸರ್ವರ್ ಸತ್ತಿದೆ ಎಂದು ಊಹಿಸದೆ ಅದರ ಕರೆಂಟನ್ನೇ ತೆಗೆದು ಖಾತ್ರಿ ಮಾಡಿಕೊಳ್ಳುವುದು. ಸರ್ವರಿನೊಳಗಿನ ಐಪಿಎಂಐ ಎಂಬ ಪುಟ್ಟ ನಿಯಂತ್ರಕಕ್ಕೆ ಜಾಲದ ಮೂಲಕ ಆಜ್ಞೆ ಹೋಗುತ್ತದೆ. ಇಲ್ಲಿ ತಪ್ಪುವುದು ಮೂರು ಕಡೆ. ಐಪಿಎಂಐ ಕೇಬಲನ್ನು ಹಾರ್ಟ್‌ಬೀಟಿನ ಸ್ವಿಚ್ಚಿಗೇ ಚುಚ್ಚಿರುತ್ತಾರೆ; ಸ್ವಿಚ್ ಸತ್ತರೆ ಫೆನ್ಸಿಂಗ್ ಆಜ್ಞೆಯೂ ತಲುಪದು, ಖಾತ್ರಿಯಾಗದ ಕಾರಣ ಕ್ಲಸ್ಟರ್ ಫೇಲ್‌ಓವರ್ ಮಾಡದೆ ಕಾಯುತ್ತ ಕೂರುತ್ತದೆ. ಎರಡನೆಯದು, ಸರ್ವರಿನ ಪವರ್ ಸಪ್ಲೈ ಹೋದರೆ ಐಪಿಎಂಐ ಕೂಡ ಹೋಗುತ್ತದೆ. ಅದಕ್ಕೆ ಜಾಲದಿಂದ ನಿಯಂತ್ರಿಸಬಹುದಾದ ಪವರ್ ಸ್ಟ್ರಿಪ್ ಎರಡನೇ ಹಂತವಾಗಿ ಬೇಕು. ಮೂರನೆಯದು ಪರಸ್ಪರ ಗುಂಡೇಟು: ಇಬ್ಬರೂ ಏಕಕಾಲಕ್ಕೆ ಆಜ್ಞೆ ಕಳಿಸಿ ಇಬ್ಬರೂ ಆಫ್. ಒಂದು ಕಡೆಗೆ ಕೆಲವು ಸೆಕೆಂಡಿನ ವಿಳಂಬ ಇಟ್ಟರೆ ಇದು ತಪ್ಪುತ್ತದೆ. ಮರಳಿ ಎದ್ದ ಸರ್ವರ್ ಜೊತೆಗಾರ ಕಾಣುವವರೆಗೆ ಸುಮ್ಮನಿರುವಂತೆ ‘ಎಲ್ಲರಿಗಾಗಿ ಕಾಯು’ ಎಂಬ ಆಯ್ಕೆಯೂ ಇರಬೇಕು, ಇಲ್ಲದಿದ್ದರೆ ಎದ್ದವನು ನಡೆಯುತ್ತಿರುವವನನ್ನು ಕೆಡವುತ್ತಾನೆ.

ಆದರೆ ಬದಿಯಡ್ಕ–ಕಾಸರಗೋಡಿನ ಉದಾಹರಣೆಯಲ್ಲಿ ನಡುವಿನ ಲೈನೇ ಇಲ್ಲದಾಗ ಫೆನ್ಸಿಂಗ್ ಆಜ್ಞೆ ಹೋಗುವುದು ಯಾವ ದಾರಿಯಲ್ಲಿ? ಅಲ್ಲಿ ಬೇಕಾದದ್ದು ಮೂರನೇ ಮತ. ಪೇಸ್‌ಮೇಕರ್ ಜೊತೆಗಿದ್ದು ಹಾರ್ಟ್‌ಬೀಟ್, ಮತ ಎಣಿಕೆ ನೋಡಿಕೊಳ್ಳುವ ಕೊರೊಸಿಂಕ್‌ನಲ್ಲಿ ಇದಕ್ಕೆ ಕ್ಯೂಡಿವೈಸ್ ಎಂಬ ಸೌಲಭ್ಯವಿದೆ. ಸಾಕ್ಷಿಯಾಗಿ ನಿಲ್ಲುವ ಯಂತ್ರಕ್ಕೆ ಡೇಟಾ ಬೇಡ, ದೊಡ್ಡ ಶಕ್ತಿ ಬೇಡ, ಸಣ್ಣ ವರ್ಚುವಲ್ ಯಂತ್ರ ಸಾಕು. ಟಿಸಿಪಿ 5403 ಪೋರ್ಟ್ ತೆರೆದಿದ್ದರಾಯಿತು. ಸಾಕ್ಷಿಗೆ ಯಾರು ಕಾಣುತ್ತಾರೋ ಅವರಿಗೆ ಮತ; ಇಬ್ಬರೂ ಕಂಡರೆ ಒಬ್ಬರಿಗೆ ಮಾತ್ರ. ಮತ ಸಿಗದವನು ತಾನಾಗಿ ನಿಲ್ಲಬೇಕು, ನಿಲ್ಲದೆ ಹಟ ಮಾಡಿದರೆ ವಾಚ್‌ಡಾಗ್ ಟೈಮರ್ ಅವನನ್ನು ರೀಸ್ಟಾರ್ಟ್ ಮಾಡಬೇಕು. ಷರತ್ತು ಒಂದೇ, ಸಾಕ್ಷಿ ಆ ಎರಡು ಊರುಗಳಲ್ಲಿ ಯಾವುದರಲ್ಲೂ ಇರಬಾರದು. ದುಡ್ಡು ಉಳಿಸಲೆಂದು ಅದನ್ನೂ ಕಾಸರಗೋಡಿನ ಕೋಣೆಯಲ್ಲೇ ಇಟ್ಟರೆ ಆ ಕೋಣೆಯ ಕರೆಂಟು ಹೋದಾಗ ಮೂರರಲ್ಲಿ ಎರಡು ಮತ ಒಟ್ಟಿಗೇ ಹೋಗುತ್ತವೆ.

ಸೆಕೆಂಡುಗಳ ಜಗಳ

ಎಷ್ಟು ಹೊತ್ತು ಮೌನವಿದ್ದರೆ ಸಾವು ಎಂದು ತಿಳಿಯಬೇಕು? ಕೊರೊಸಿಂಕ್‌ನ ಟೋಕನ್ ಅವಧಿ ಹಳೆಯ ಆವೃತ್ತಿಗಳಲ್ಲಿ 1 ಸೆಕೆಂಡು ಇತ್ತು, 3.1ರಿಂದ 3 ಸೆಕೆಂಡು. ಸರ್ವರ್ ವಿಳಾಸವನ್ನು ಹಂಚಿಕೊಳ್ಳುವ ಕೀಪ್‌ಅಲೈವ್‌ಡಿಯಲ್ಲಿ ಪ್ರತಿ ಸೆಕೆಂಡಿಗೆ ಸಂದೇಶ, ಮೂರು ತಪ್ಪಿದ ಮೇಲೆ ಚೂರು ಹೆಚ್ಚು ಕಾದು, ಪ್ರಾಶಸ್ತ್ಯ 100 ಇದ್ದರೆ ಸುಮಾರು 3.6 ಸೆಕೆಂಡಿಗೆ ಬದಲಾವಣೆ. ಜಾಲದ ಉಪಕರಣಗಳಿಗೆ ಬೇರೆಯೇ ಗಡಿಯಾರ. ಹಳೆಯ ಸ್ಪ್ಯಾನಿಂಗ್ ಟ್ರೀ ವಿಧಾನದ ಸ್ವಿಚ್ಚಿನಲ್ಲಿ ಪೋರ್ಟ್ ಎದ್ದ ಮೇಲೆ 15 ಮತ್ತು 15, ಒಟ್ಟು 30 ಸೆಕೆಂಡು ಏನನ್ನೂ ದಾಟಿಸುವುದಿಲ್ಲ. ಎಲ್‌ಎಸಿಪಿಯ ನಿಧಾನ ಲೆಕ್ಕದಲ್ಲಿ 90 ಸೆಕೆಂಡು, ವೇಗದ ಲೆಕ್ಕದಲ್ಲಿ 3.

ಫಲಿತಾಂಶ ಹೀಗೆ: ಮೊದಲ ಸ್ವಿಚ್ ಹೋಯಿತು, ದಾರಿ ಎರಡನೇ ಸ್ವಿಚ್ಚಿಗೆ ಹೊರಳಿತು, ಅದು 30 ಸೆಕೆಂಡು ಬಾಯಿ ಮುಚ್ಚಿ ಕುಳಿತಿತು. ಕ್ಲಸ್ಟರ್ 3 ಸೆಕೆಂಡಿಗೇ ತಾಳ್ಮೆ ಕಳೆದುಕೊಂಡು ಗುಂಡು ಹೊಡೆಯಿತು. ಜಾಲ ತನ್ನ ಕೆಲಸ ಸರಿಯಾಗಿಯೇ ಮಾಡಿತು, ಕ್ಲಸ್ಟರೂ ಮಾಡಿತು, ಸೇವೆ ಮಾತ್ರ ಬಿತ್ತು. ಸರ್ವರ್ ಪೋರ್ಟುಗಳಿಗೆ ಆ 30 ಸೆಕೆಂಡಿನ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕುವುದು, ಕೆಳಗಿನ ಪದರ ಚೇತರಿಸಿಕೊಳ್ಳಲು ಬೇಕಾದ ಹೊತ್ತಿಗಿಂತ ಮೇಲಿನದಕ್ಕೆ ಹೆಚ್ಚು ತಾಳ್ಮೆ ಕೊಡುವುದು ಇದಕ್ಕೆ ಉತ್ತರ. ಹಾರ್ಟ್‌ಬೀಟಿಗೆ ಎರಡನೇ ದಾರಿಯೂ ಇರಬೇಕು. ಕೊರೊಸಿಂಕ್ 3ರಲ್ಲಿ ಎಂಟು ಲಿಂಕ್‌ಗಳವರೆಗೆ ಅವಕಾಶವಿದೆ.

ದೊಡ್ಡವರ ಮನೆಯಲ್ಲೂ

2021ರ ಫೆಬ್ರುವರಿ 24ರಂದು ಮುಂಬೈಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಎನ್‌ಎಸ್‌ಇ, 11.40ಕ್ಕೆ ವಹಿವಾಟು ನಿಲ್ಲಿಸಿತು. ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ. ಮುಖ್ಯ ಕೇಂದ್ರಕ್ಕೂ ಹತ್ತಿರದ ಪರ್ಯಾಯ ಕೇಂದ್ರಕ್ಕೂ ನಡುವೆ ಎರಡು ಕಂಪನಿಗಳ ಲೈನ್ ಇತ್ತು. ರಸ್ತೆ ಅಗೆತದಿಂದ ಎರಡೂ ಅಸ್ಥಿರವಾದವು ಎಂದು ಸಂಸ್ಥೆಯೇ ಆಮೇಲೆ ವಿವರಿಸಿತು. ಆದರೆ ಲೈನ್ ಹೋದದ್ದಷ್ಟೇ ಆಗಿದ್ದರೆ ಮುಖ್ಯ ಕೇಂದ್ರ ನಡೆಯಬೇಕಿತ್ತು. ಅಲ್ಲಿನ ಡೇಟಾ ಸಂಗ್ರಹ ವ್ಯವಸ್ಥೆ ನಿರೀಕ್ಷೆಯಂತೆ ವರ್ತಿಸದೆ ಸರ್ವರ್‌ಗಳಿಗೆ ಸಿಗದೇ ಹೋಯಿತು, ಅಪಾಯ ನಿರ್ವಹಣೆಯ ವ್ಯವಸ್ಥೆ ಅದರೊಂದಿಗೆ ನಿಂತಿತು. ಲೈನ್ ಕಡಿತ ನೆಪ. ಕಡಿತಕ್ಕೆ ಯಂತ್ರ ಕೊಟ್ಟ ಪ್ರತಿಕ್ರಿಯೆ ಏಟು. ಮುಂದಿನ ತಿಂಗಳೇ ಸೆಬಿ ನಿಯಮ ಬಿಗಿಮಾಡಿತು: 30 ನಿಮಿಷದೊಳಗೆ ವಿಪತ್ತು ಎಂದು ಘೋಷಿಸಬೇಕು, ಅಲ್ಲಿಂದ 45 ನಿಮಿಷದೊಳಗೆ ಪರ್ಯಾಯ ಕೇಂದ್ರದಿಂದ ಕೆಲಸ ಶುರುವಾಗಬೇಕು.

ತಂತ್ರಾಂಶ ಬರೆಯುವವರು ಕೋಡ್ ಇಡುವ ತಾಣ ಗಿಟ್‌ಹಬ್. 2018ರ ಅಕ್ಟೋಬರ್ 21ರ ಅದರ ಪ್ರಕರಣದಲ್ಲಿ ಅಮೆರಿಕದ ಪೂರ್ವ ಕರಾವಳಿಯ ಡೇಟಾ ಸೆಂಟರಿನ ಸಂಪರ್ಕ ಕಡಿದದ್ದು ಬರೀ 43 ಸೆಕೆಂಡು. ಅಷ್ಟರಲ್ಲೇ ಸ್ವಯಂಚಾಲಿತ ವ್ಯವಸ್ಥೆ ಡೇಟಾಬೇಸಿನ ಯಜಮಾನಿಕೆಯನ್ನು ಪಶ್ಚಿಮ ಕರಾವಳಿಗೆ ವರ್ಗಾಯಿಸಿತ್ತು. ಪೂರ್ವದಲ್ಲಿ ಬರೆದ ಕೆಲವು ದಾಖಲೆ ಪಶ್ಚಿಮಕ್ಕೆ ತಲುಪಿರಲಿಲ್ಲ, ಪಶ್ಚಿಮದಲ್ಲಿ ಹೊಸತು ಸೇರತೊಡಗಿದ್ದವು. ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಬೇಕಾಯಿತು. ಏನೂ ಮಾಡದೆ ಒಂದು ನಿಮಿಷ ಕೈಕಟ್ಟಿ ನಿಂತಿದ್ದರೆ?

ಯಂತ್ರವೋ ಮನುಷ್ಯನೋ

ಈ ಪ್ರಶ್ನೆಗೇ ತಜ್ಞರು ಎರಡು ಪಾಳಯವಾಗುತ್ತಾರೆ. ಎಲ್ಲವೂ ಸ್ವಯಂಚಾಲಿತವಾಗಿರಲಿ ಎನ್ನುವವರ ವಾದದಲ್ಲಿ ಹುರುಳಿದೆ: ಭಾನುವಾರ ನಡುರಾತ್ರಿ ಫೋನ್ ಎತ್ತುವವರಿಲ್ಲ, ಎತ್ತಿದವರು ಗಾಬರಿಯಲ್ಲಿ ತಪ್ಪು ಆಜ್ಞೆ ಕೊಡುತ್ತಾರೆ. ಎದುರು ಪಾಳಯದವರು ಹೇಳುವುದು, ಊರಿಂದೂರಿಗೆ ಡೇಟಾ ನಕಲು ಸಾಮಾನ್ಯವಾಗಿ ಕೆಲವು ಕ್ಷಣ ಹಿಂದಿರುತ್ತದೆ, ಫೇಲ್‌ಓವರ್ ಎಂದರೆ ಆ ಕ್ಷಣಗಳ ವ್ಯವಹಾರವನ್ನು ಬಿಟ್ಟುಕೊಡುವುದು, ಹಾಗೆ ಬಿಟ್ಟುಕೊಡುವ ತೀರ್ಮಾನ ಮನುಷ್ಯನದ್ದೇ ಆಗಿರಬೇಕು.

ಒಂದೇ ಕೋಣೆಯೊಳಗೆ, ಫೆನ್ಸಿಂಗ್ ಸರಿಯಿದ್ದರೆ, ಯಂತ್ರಕ್ಕೆ ಬಿಡುವುದು ಒಳ್ಳೆಯದು. ಎರಡು ಊರುಗಳ ನಡುವೆ, ಬೇರೆ ದಾರಿಯ ಮೂರನೇ ಸಾಕ್ಷಿ ಇಲ್ಲದೆ, ಬಿಡಬಾರದು. ಇನ್ನೂ ಒಂದು ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ: ಹತ್ತು ಹನ್ನೆರಡು ಸಿಬ್ಬಂದಿಯ ಸಂಘಕ್ಕೆ, ಫೆನ್ಸಿಂಗ್ ಇಲ್ಲದ ಎರಡು ಸರ್ವರಿನ ಕ್ಲಸ್ಟರಿಗಿಂತ ಒಂದೇ ಸರ್ವರ್, ದಿನಾ ಪರೀಕ್ಷಿಸಿದ ಬ್ಯಾಕಪ್, ಮಡಚಿಟ್ಟ ರಸೀದಿ ಪುಸ್ತಕ ಮೇಲು. ದೊಡ್ಡ ಡೇಟಾ ಸೆಂಟರಿನಲ್ಲಿ ಸರ್ವರ್ ಇಟ್ಟು ಶಾಖೆಗಳ ಲೈನನ್ನಷ್ಟೇ ಜೋಡಿ ಮಾಡುವವರಿಗೂ ಸ್ಪ್ಲಿಟ್ ಬ್ರೈನ್ ತಲೆನೋವಿಲ್ಲ. ಅವರ ಪಾಡು ಮತ್ತೆ ಸೇತುವೆಗೇ ಬಂದು ನಿಲ್ಲುತ್ತದೆ.

ಕಿತ್ತು ನೋಡುವುದು

ಸರಬರಾಜುದಾರರು ಪರೀಕ್ಷೆ ತೋರಿಸುವಾಗ ಒಂದು ಕೇಬಲ್ ಕಿತ್ತು, ಸೇವೆ ನಡೆಯುತ್ತಿದೆ ನೋಡಿ ಎನ್ನುತ್ತಾರೆ. ಅಷ್ಟಕ್ಕೆ ಸಹಿ ಹಾಕಬಾರದು. ರಜಾದಿನದಲ್ಲಿ, ಬ್ಯಾಕಪ್ ತೆಗೆದ ಮೇಲೆ, ಎರಡೂ ಕೇಬಲ್ ಒಟ್ಟಿಗೆ ಕೀಳಬೇಕು: ಮೊದಲು ಗ್ರಾಹಕರ ಕಡೆಯವು, ಅವನ್ನು ಮರಳಿ ಹಾಕಿ ಆಮೇಲೆ ಹಾರ್ಟ್‌ಬೀಟಿನವು. ಸ್ವಿಚ್ಚಿನ ಕರೆಂಟು ತೆಗೆಯಬೇಕು. ಕೇಬಲ್ ಹಾಗೇ ಇಟ್ಟು ಸ್ವಿಚ್ಚಿನಾಚೆಯ ದಾರಿ ಮಾತ್ರ ಕಡಿಯಬೇಕು. ಹಸಿರು ದೀಪದ ಮೋಸ ಹೊರಬೀಳುವುದು ಇದರಲ್ಲೇ. ಆಜ್ಞೆ ಕೊಟ್ಟು ಪೋರ್ಟ್ ಇಳಿಸುವುದು ಪರೀಕ್ಷೆಯಾಗದು, ಕೊರೊಸಿಂಕ್ ಅದಕ್ಕೆ ನಿಜವಾದ ಕಡಿತಕ್ಕಿಂತ ಬೇರೆ ರೀತಿ ವರ್ತಿಸಬಹುದು. ಫೈರ್‌ವಾಲ್‌ನಿಂದ ತಡೆಯುವುದಾದರೆ ಒಳಬರುವುದನ್ನೂ ಹೊರಹೋಗುವುದನ್ನೂ ತಡೆಯಬೇಕು.

ಲೈನ್ ಮರಳಿದಾಗ ಏನಾಗುತ್ತದೆ ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಗುಂಡಿಗಿಳಿದು ಫೈಬರ್ ಜಾಯಿಂಟ್ ಮಾಡುವವರು ಒಂದೇ ಸಲಕ್ಕೆ ಮುಗಿಸುವುದಿಲ್ಲ. ಜೋಡಿಸುತ್ತಾರೆ, ನಷ್ಟ ಅಳೆಯುತ್ತಾರೆ, ಸರಿಬರದಿದ್ದರೆ ಕತ್ತರಿಸಿ ಮತ್ತೆ ಜೋಡಿಸುತ್ತಾರೆ. ಅಷ್ಟು ಹೊತ್ತಿನಲ್ಲಿ ಲೈನ್ ನಾಲ್ಕೈದು ಸಲ ಬಂದು ಹೋಗಿರುತ್ತದೆ. ಹಳೆಯ ಯಜಮಾನನಿಗೆ ತಾನಾಗಿ ಮರಳುವ ವ್ಯವಸ್ಥೆ ಇದ್ದರೆ ಸೇವೆಯೂ ಅಷ್ಟೇ ಸಲ ಆಚೀಚೆ ಓಡಾಡುತ್ತದೆ. ಆದ್ದರಿಂದ ಪೇಸ್‌ಮೇಕರ್‌ನಲ್ಲಿ ಸೇವೆ ಇದ್ದಲ್ಲೇ ಅಂಟಿಕೊಳ್ಳುವಂತೆ, ಕೀಪ್‌ಅಲೈವ್‌ಡಿಯಲ್ಲಿ ಹಳಬ ಬಂದರೂ ಜಾಗ ಕೇಳದಂತೆ ಹೊಂದಿಸಿ, ಮರಳಿಸುವುದನ್ನು ಸಂಜೆ ಕೌಂಟರ್ ಮುಚ್ಚಿದ ಮೇಲೆ ಕೈಯಾರೆ ಮಾಡುವುದು ವಾಸಿ.